ಹಾರ್ಬರ್ ಕಂಪೈಲರ್: ಅಡಿಕೆ ಮಂಡಿಯ ಹಳೇ ಲೆಕ್ಕ, ಹೊಸ ಗ್ರಾಫ್

"ಅಕ್ಕಾ, ಹೊಸ ಕಂಪ್ಯೂಟರಿನಲ್ಲಿ ನಿಮ್ಮ ಪ್ರೋಗ್ರಾಂ ಏಳ್ತಾನೇ ಇಲ್ಲ."

ಶಿರಸಿಯ ಅಡಿಕೆ ಮಂಡಿಯಿಂದ ಫೋನ್. ಮಾತಾಡಿದ್ದು ಯಜಮಾನರ ಮಗ. ನಾನು ಆ ಪ್ರೋಗ್ರಾಂ ಬರೆದದ್ದು 1991ರಲ್ಲಿ. ಆಗ ಅವನು ಹುಟ್ಟಿರಲಿಲ್ಲ. ಈಗ ಮಂಡಿ ನಡೆಸುವವನು ಅವನೇ. ನನ್ನ ಪ್ರೋಗ್ರಾಂ ಅಲ್ಲಿ ಇಷ್ಟು ವರ್ಷ ಓಡಿತು ಅನ್ನುವುದೇ ನನಗೆ ಆಶ್ಚರ್ಯ. ಹಳೇ ಕಂಪ್ಯೂಟರ್ ಸತ್ತಿತ್ತು. ಹೊಸದಕ್ಕೆ 64 ಬಿಟ್ ವಿಂಡೋಸ್ ಹಾಕಿಸಿದ್ದರು. ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದ 16 ಬಿಟ್ ಪ್ರೋಗ್ರಾಂಗಳು ಅದರಲ್ಲಿ ಓಡುವುದೇ ಇಲ್ಲ. ಹಾಗಾಗಿ ಐವತ್ತೇಳನೇ ವಯಸ್ಸಿನಲ್ಲಿ ನಾನು ಮತ್ತೆ ಕಂಪೈಲರ್, ಅಂದರೆ ಬರೆದ ಪಠ್ಯವನ್ನು ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಂ ಮಾಡಿಕೊಡುವ ಸಾಧನ, ಹಿಡಿದು ಕೂತೆ. ಅದರ ಹೆಸರು ಹಾರ್ಬರ್. ನಾಲ್ಕು ತಿಂಗಳು ಬಳಸಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು.

ಹಾರ್ಬರ್ ಎಷ್ಟು ಒಳ್ಳೆಯದು ಅಂತ ಹೇಳಬೇಕಾದರೆ ಅದು ಯಾವುದರ ಜಾಗಕ್ಕೆ ಬಂತು ಅಂತ ಮೊದಲು ಹೇಳಬೇಕು.

1989ರಲ್ಲಿ ಹುಬ್ಬಳ್ಳಿಯಲ್ಲಿ ಆರು ತಿಂಗಳ ಕೋರ್ಸ್ ಮಾಡಿದೆ. ಕಲಿಸಿದ್ದು ದಾಖಲೆಗಳನ್ನು ಇಟ್ಟು ಲೆಕ್ಕ ಮಾಡುವ ಡಿಬೇಸ್ ಥ್ರೀ ಪ್ಲಸ್. ಆಗ ಎಲ್ಲರೂ ಕಲಿಯುತ್ತಿದ್ದದ್ದು ಅದನ್ನೇ. ಮಂಡಿಗೆ ಮೊದಲು ಬರೆದ ಪ್ರೋಗ್ರಾಂ ಕೂಡ ಅದರಲ್ಲೇ. ರೈತರ ಹೆಸರು, ಊರು, ಚೀಲ, ತೂಕ, ದರ, ಹಮಾಲಿ, ಮುಂಗಡ, ಕೊನೆಗೆ ಪಟ್ಟಿ, ಅಂದರೆ ರೈತರಿಗೆ ಕೊಡುವ ಲೆಕ್ಕದ ಚೀಟಿ. ಆದರೆ ಡಿಬೇಸ್ ಪ್ರೋಗ್ರಾಂ ಓಡಬೇಕು ಅಂದರೆ ಆ ಕಂಪ್ಯೂಟರಿನಲ್ಲಿ ಡಿಬೇಸ್ ಇರಲೇಬೇಕಿತ್ತು. ಪ್ರತಿ ಸಾಲನ್ನೂ ಆಗಾಗಲೇ ಓದಿ ಓದಿ ನಡೆಸುತ್ತಿತ್ತು, ಬಹಳ ನಿಧಾನ. ನಾನು ಬರೆದ ಪ್ರೋಗ್ರಾಂ ಪಠ್ಯ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಎಲ್ಲಕ್ಕಿಂತ ದೊಡ್ಡ ತಲೆನೋವು ಆ ಚುಕ್ಕಿ ಪ್ರಾಂಪ್ಟ್. ಎಸ್ಕೇಪ್ ಒತ್ತಿ ಪ್ರೋಗ್ರಾಂ ನಿಲ್ಲಿಸಿದರೆ ಪರದೆಯ ಮೇಲೆ ಒಂದು ಚುಕ್ಕಿ ಬರುತ್ತಿತ್ತು. ಅಲ್ಲಿ ಏನು ಬೇಕಾದರೂ ಟೈಪ್ ಮಾಡಬಹುದು. ಮಂಡಿಯ ಹುಡುಗನೊಬ್ಬ ಒಮ್ಮೆ "ಡಿಲೀಟ್ ಆಲ್" ಅಂತ ಹೊಡೆದ. ಸುಮ್ನೆ, ಏನಾಗುತ್ತೆ ನೋಡೋಣ ಅಂತ.

ಆಮೇಲೆ ಸಿಕ್ಕಿದ್ದು ಕ್ಲಿಪ್ಪರ್. ಅಮೆರಿಕದ ನ್ಯಾಂಟಕೆಟ್ ಕಾರ್ಪೊರೇಷನ್ ತಂದದ್ದು. ನನ್ನ ಕೈಗೆ ಬಂದದ್ದು ಸಮ್ಮರ್ 87 ಅನ್ನುವ ಆವೃತ್ತಿ, ಫ್ಲಾಪಿಯಲ್ಲಿ, ಕೈಯಿಂದ ಕೈಗೆ. ಪರವಾನಗಿ ಅಂತ ಕೇಳಿದವರೂ ಇರಲಿಲ್ಲ, ಕೊಟ್ಟವರೂ ಇರಲಿಲ್ಲ. ಈಗ ಒಪ್ಪಿಕೊಳ್ಳುತ್ತೇನೆ, ತಪ್ಪೇ. ಡಿಬೇಸ್ ಭಾಷೆಯಲ್ಲೇ ಬರೆದದ್ದನ್ನು ಕ್ಲಿಪ್ಪರ್ ತಾನಾಗಿಯೇ ಓಡುವ ಒಂದು ಇಎಕ್ಸ್‌ಇ ಫೈಲ್ ಮಾಡಿ ಕೊಡುತ್ತಿತ್ತು. ಡಿಬೇಸ್ ಪ್ರೋಗ್ರಾಂ ನೆಂಟರ ಮನೆಗೆ ಹೋಗಿ ಊಟಕ್ಕೆ ಕೂರುವ ಹಾಗೆ. ಕ್ಲಿಪ್ಪರ್ ಪ್ರೋಗ್ರಾಂ ತನ್ನ ಬುತ್ತಿ ತಾನೇ ಕಟ್ಟಿಕೊಂಡು ಹೋಗುತ್ತದೆ. ಒಂದು ಫ್ಲಾಪಿ, ಒಂದು ಫೈಲ್, ನಕಲು ಮಾಡಿದರೆ ಮುಗೀತು. ಚುಕ್ಕಿಯೂ ಇಲ್ಲ, ಡಿಲೀಟ್ ಆಲ್ ಕೂಡ ಇಲ್ಲ.

ಲಿಂಕ್ ಮಾಡಲು, ಅಂದರೆ ಕಂಪೈಲ್ ಆದ ತುಂಡುಗಳನ್ನು ಒಂದೇ ಫೈಲಿಗೆ ಜೋಡಿಸಲು, ಮಾತ್ರ ತಾಳ್ಮೆ ಬೇಕಿತ್ತು. ಅದನ್ನು ಮಾಡುವ ಪ್ಲಿಂಕ್86 ಶುರು ಮಾಡಿ, ಎದುರಿನ ಹೋಟೆಲಿಗೆ ಹೋಗಿ ಚಹಾ ಕುಡಿದು ಬಂದರೆ ಒಮ್ಮೊಮ್ಮೆ ಮುಗಿದಿರುತ್ತಿತ್ತು. ಒಮ್ಮೊಮ್ಮೆ ಕರೆಂಟ್ ಹೋಗಿರುತ್ತಿತ್ತು.

ಗ್ರಾಫಿನ ಆಸೆ ಆಗಿನಿಂದಲೇ ಇತ್ತು. ಯಜಮಾನರು ಒಂದು ದಿನ ಕೇಳಿದರು: "ತಂಗೀ, ತಿಂಗಳ ಆವಕ ನೋಡಿದ ಕೂಡ್ಲೇ ಗೊತ್ತಾಗೋ ಹಂಗೆ ಚಿತ್ರ ಬರ್ತದಾ?" ಡಿಬೇಸ್‌ನಲ್ಲಿ ಚಿತ್ರ ಬಿಡಿಸುವ ಆಜ್ಞೆಯೇ ಇರಲಿಲ್ಲ. ಕ್ಲಿಪ್ಪರ್‌ಗೆ ಡಿಜಿಇ ಅನ್ನುವ ಗ್ರಾಫಿಕ್ಸ್ ಲೈಬ್ರರಿ, ಅಂದರೆ ಚಿತ್ರ ಬಿಡಿಸುವ ಸಿದ್ಧ ಫಂಕ್ಷನ್‌ಗಳ ಕಟ್ಟು, ಬೇರೆಯಾಗಿ ಸಿಗುತ್ತಿತ್ತು, ಹೆಸರು ಕೇಳಿದ್ದೆ ಅಷ್ಟೇ. ನಾನು ಮಾಡಿದ್ದು ಬಡವರ ಗ್ರಾಫ್. ರೆಪ್ಲಿಕೇಟ್ ಅಂತ ಒಂದು ಫಂಕ್ಷನ್ ಇದೆ, ಕೊಟ್ಟ ಅಕ್ಷರವನ್ನು ಹೇಳಿದಷ್ಟು ಸಲ ಬರೆಯುತ್ತದೆ. ಡಾಸ್‌ನ ಅಕ್ಷರಪಟ್ಟಿಯಲ್ಲಿ 219ನೇ ಅಕ್ಷರ ಅಂದರೆ ತುಂಬಿದ ಚೌಕ. ಅದನ್ನು ಸಾಲಾಗಿ ಬರೆದರೆ ಪರದೆಯ ಮೇಲೆ ಚೆಂದದ ಪಟ್ಟೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಕಳಿಸಿದರೆ ಚೌಕದ ಬದಲು ಓರೆ ಅಕ್ಷರಗಳ ಸಾಲು! ಆ ಪ್ರಿಂಟರಿನ ಅಕ್ಷರಮಾಲೆಯಲ್ಲಿ ಆ ಜಾಗದಲ್ಲಿ ಇದ್ದದ್ದೇ ಬೇರೆ. ಕೊನೆಗೆ ಕಾಗದದ ಮೇಲೆ ನಕ್ಷತ್ರದ ಗುರುತು ಹಾಕಿದೆ.

ದರದ ಗ್ರಾಫಿನಲ್ಲಿ ಒಂದು ನಕ್ಷತ್ರಕ್ಕೆ ನೂರು ರೂಪಾಯಿ ಅಂತ ಇಟ್ಟಿದ್ದೆ. ಅಡಿಕೆ ದರ ಕ್ವಿಂಟಾಲಿಗೆ ಐದಂಕಿ ಮುಟ್ಟುತ್ತದೆ ಅಂತ ಆಗ ನನಗೆ ಹೊಳೆದಿರಲೇ ಇಲ್ಲ. 80 ಅಕ್ಷರ ಅಗಲದ ಕಾಗದದಲ್ಲಿ 400 ನಕ್ಷತ್ರ ಎಲ್ಲಿ ಹಿಡಿಯುತ್ತದೆ? ಫೈಲಿನಲ್ಲಿ ದರ ಬರೆಯುವ ಜಾಗವನ್ನೂ, ಅಂದರೆ ಫೀಲ್ಡನ್ನೂ, 9999.99 ದಾಟದ ಹಾಗೆ ಮಾಡಿಟ್ಟಿದ್ದೆ. ಅದನ್ನು ಅಗಲ ಮಾಡಲು ಒಂದು ಭಾನುವಾರ ಶಿರಸಿಗೆ ಹೋಗಿ ಬಂದದ್ದು ನೆನಪಿದೆ.

ಇನ್ನು ಹಾರ್ಬರ್ ವಿಷಯ. ಕ್ಲಿಪ್ಪರ್ ಅಂದರೆ ವೇಗದ ಹಾಯಿಹಡಗು. ಹಾರ್ಬರ್ ಅಂದರೆ ಬಂದರು. ಹೆಸರಿಟ್ಟವರಿಗೆ ತಮಾಷೆ ಗೊತ್ತಿತ್ತು ಅನಿಸುತ್ತದೆ. 1992ರಲ್ಲಿ ಕಂಪ್ಯೂಟರ್ ಅಸೋಸಿಯೇಟ್ಸ್ ನ್ಯಾಂಟಕೆಟ್ ಅನ್ನು ಕೊಂಡುಕೊಂಡಿತು. ಕೆಲವು ಆವೃತ್ತಿ ಬಂದವು, ಆಮೇಲೆ ಹಡಗು ನಿಂತೇಹೋಯಿತು. 1999ರಲ್ಲಿ ಕೆಲವರು ಸೇರಿ ಅದೇ ಭಾಷೆಗೆ ಮುಕ್ತ ಕಂಪೈಲರ್ ಬರೆಯಲು ಶುರು ಮಾಡಿದರು. ಅದೇ ಇದು. ದುಡ್ಡು ಕೊಡಬೇಕಿಲ್ಲ. ಇದರಲ್ಲಿ ಮಾಡಿದ ಪ್ರೋಗ್ರಾಂ ಮಾರಿದರೂ ತಕರಾರಿಲ್ಲ, ಪರವಾನಗಿಯಲ್ಲೇ ಅದಕ್ಕೆ ವಿನಾಯಿತಿ ಬರೆದಿದ್ದಾರೆ. ಹಳೇ ಫ್ಲಾಪಿಯ ಪಾಪ ಇಲ್ಲಿಗೆ ತೀರಿತು ಅಂದುಕೊಂಡೆ.

ವಿಂಡೋಸ್‌ಗೆ ಸಿಗುವ ಪ್ಯಾಕೇಜಿನಲ್ಲಿ ಸಿ ಕಂಪೈಲರ್ ಕೂಡ ಸೇರಿಕೊಂಡೇ ಬರುತ್ತದೆ. ಇದು ದೊಡ್ಡ ಉಪಕಾರ. ಯಾಕೆಂದರೆ ಹಾರ್ಬರ್ ನಮ್ಮ ಪ್ರೋಗ್ರಾಮನ್ನು ಮೊದಲು ಸಿ ಭಾಷೆಯ ಫೈಲ್ ಮಾಡುತ್ತದೆ, ಆಮೇಲೆ ಸಿ ಕಂಪೈಲರ್ ಅದನ್ನು ಇಎಕ್ಸ್‌ಇ ಮಾಡುತ್ತದೆ. ಆ ಸಿ ಫೈಲ್ ತೆಗೆದು ನೋಡಿದರೆ ಬರೀ ಅಂಕಿಗಳ ಸಾಲು. ಪೂರ್ತಿ ಯಂತ್ರಭಾಷೆ ಅಲ್ಲ ಅದು. ಒಳಗೊಂದು ಪುಟ್ಟ ಯಂತ್ರ ಕೂತು ಆ ಅಂಕಿಗಳನ್ನು ಓದಿ ಕೆಲಸ ಮಾಡುತ್ತದೆ. ಕ್ಲಿಪ್ಪರ್ ಮಾಡುತ್ತಿದ್ದದ್ದೂ ಹೀಗೇ. ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳುವವರಿಗೆ ಒಂದೇ ಮಾತು: ಆಗ ರಾತ್ರಿ ಊಟಕ್ಕೆ ಹೋಗಿ ಬರುವಷ್ಟು ಹೊತ್ತು ಹಿಡಿಯುತ್ತಿದ್ದ ವರ್ಷದ ಇಂಡೆಕ್ಸ್ (ದಾಖಲೆ ಬೇಗ ಹುಡುಕಲು ಮಾಡುವ ಸೂಚಿ) ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ.

ಕೆಲಸ ಎಲ್ಲ ಎಚ್‌ಬಿಎಂಕೆ2 ಅನ್ನುವ ಒಂದು ಆಜ್ಞೆಯಲ್ಲಿ. ಅದರ ಮುಂದೆ ನನ್ನ ಫೈಲಿನ ಹೆಸರು ಬರೆದು ಎಂಟರ್ ಒತ್ತಿದೆ. 1991ರ ಪ್ರೋಗ್ರಾಂ, ಹಾರ್ಬರ್‌ಗಾಗಿ ಒಂದಕ್ಷರವೂ ಬದಲಿಸಿರಲಿಲ್ಲ. ಎರಡು ಸೆಕೆಂಡ್. ಇಎಕ್ಸ್‌ಇ ಸಿದ್ಧ. ಅದನ್ನು ಓಡಿಸಿದೆ, ಕಪ್ಪು ಕಿಟಕಿ ತೆರೆಯಿತು, ಅದರೊಳಗೆ ನನ್ನ ಹಳೇ ನೀಲಿ ಮೆನು. ಎರಡು ಗೆರೆಯ ಚೌಕಟ್ಟು, ಮೇಲೆ ಮಂಡಿಯ ಹೆಸರು, ಕೆಳಗೆ ನನ್ನದೇ ಒಂದು ಕಾಗುಣಿತ ತಪ್ಪು. ನನಗೆ ಚಹಾ ಕುಡಿಯುವಷ್ಟೂ ಸಮಯ ಸಿಗಲಿಲ್ಲ.

ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳುವುದಿಲ್ಲ. ಅಸೆಂಬ್ಲಿ ಭಾಷೆಯಲ್ಲಿ ಬರೆದ ಹಳೇ ಲೈಬ್ರರಿ ಜೋಡಿಸಿಕೊಂಡಿದ್ದರೆ ಅದು ಇಲ್ಲಿ ನಡೆಯುವುದಿಲ್ಲ. ನನ್ನ ಬಳಿ ಅಂಥದ್ದು ಏನೂ ಇರಲಿಲ್ಲ. ಬಡತನದ ಲಾಭ ಅನ್ನಿ.

ಫೈಲುಗಳೂ ಹಾಗೇ ತೆರೆದುಕೊಂಡವು. ಡಿಬೇಸ್, ಕ್ಲಿಪ್ಪರ್ ಎರಡೂ ದಾಖಲೆಗಳನ್ನು ಇಡುವ ಡಿಬಿಎಫ್ ಫೈಲ್ ಅಂದರೆ ಬಹಳ ಸರಳ ವಸ್ತು. ಮೇಲೆ ಒಂದು ಶಿರೋಭಾಗ, ಕೆಳಗೆ ಒಂದೇ ಅಳತೆಯ ದಾಖಲೆಗಳ ಸಾಲು. ಅಂಕಿಯನ್ನೂ ಅಕ್ಷರದ ರೂಪದಲ್ಲೇ ಇಟ್ಟಿರುತ್ತದೆ. ದಿನಾಂಕಕ್ಕೆ ಎಂಟು ಅಕ್ಷರ, ವರ್ಷಕ್ಕೆ ಪೂರ್ತಿ ನಾಲ್ಕು ಅಂಕಿ. ಅದಕ್ಕೇ ವರ್ಷವನ್ನು ಎರಡೇ ಅಂಕಿಯಲ್ಲಿ ಇಟ್ಟವರನ್ನು ಹೆದರಿಸಿದ 2000ನೇ ಇಸವಿಯ ಗಲಾಟೆಯಲ್ಲಿ ನನ್ನ ಫೈಲುಗಳಿಗೆ ಏನೂ ಆಗಲಿಲ್ಲ, ಪರದೆಯಲ್ಲಿ ದಿನಾಂಕ ತೆಗೆದುಕೊಳ್ಳುವ ಕಡೆ ಮಾತ್ರ ತಿದ್ದಬೇಕಾಯಿತು. ವರ್ಷಕ್ಕೊಂದು ಫೈಲ್. ಎಲ್ಲ ಸೇರಿ ಒಂದು ಲಕ್ಷ ಚಿಲ್ಲರೆ ಪಟ್ಟಿಗಳು. ಎಲ್ಲವೂ ಇದ್ದ ಹಾಗೇ ಬಂದವು.

"ಇದನ್ನೆಲ್ಲ ಎಕ್ಸೆಲ್‌ನಲ್ಲಿ ಮಾಡಬಹುದಲ್ವಾ ಅಕ್ಕಾ?" ಅಂತ ಯಜಮಾನರ ಮಗ ಕೇಳಿದ. ಮಾಡಬಹುದು. ಆದರೆ ಪಟ್ಟಿ ಬರೆಯುವವನು ಯಾವುದೋ ಸೂತ್ರದ ಮೇಲೆ ಅಂಕಿ ಟೈಪ್ ಮಾಡಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಚುಕ್ಕಿ ಪ್ರಾಂಪ್ಟಿನ ಕಥೆಯೇ ಮತ್ತೆ. ಡಿಬೇಸ್ ಬಳಗದ್ದೇ ಆದ ಫಾಕ್ಸ್‌ಪ್ರೊ ಯಾಕಲ್ಲ ಅಂತ ಕೇಳುವವರೂ ಇರುತ್ತಾರೆ. ವಿಷುವಲ್ ಫಾಕ್ಸ್‌ಪ್ರೊ ಒಳ್ಳೆಯದೇ, ಆದರೆ 9ನೇ ಆವೃತ್ತಿಗೇ ನಿಂತುಹೋಯಿತು, 2015ರಲ್ಲಿ ಮೈಕ್ರೋಸಾಫ್ಟ್ ಅದರ ಬೆಂಬಲವನ್ನೂ ಮುಗಿಸಿತು. ಮೇಲಾಗಿ ಅದರ ಇಎಕ್ಸ್‌ಇ ಜೊತೆ ರನ್‌ಟೈಮ್ ಫೈಲುಗಳನ್ನು ಹೊತ್ತುಕೊಂಡೇ ಹೋಗಬೇಕು. ಹಳೇ ಡಾಸ್ ಕಂಪ್ಯೂಟರನ್ನು ಅನುಕರಿಸುವ ಡಾಸ್‌ಬಾಕ್ಸ್‌ನಲ್ಲಿ ಹಳೇ ಇಎಕ್ಸ್‌ಇಯನ್ನೇ ಓಡಿಸಿ ನೋಡಿದ್ದೆ. ಓಡುತ್ತದೆ, ಆದರೆ ಪ್ರಿಂಟ್ ಬರುವುದಿಲ್ಲ. ಪಟ್ಟಿ ಪ್ರಿಂಟ್ ಆಗದ ಮಂಡಿ ಎಂಥಾ ಮಂಡಿ?

ಈಗ ಗ್ರಾಫಿಗೆ ಬರೋಣ. ಹಾರ್ಬರ್ ನನ್ನನ್ನು ಗೋಳಾಡಿಸಿದ್ದು ಇಲ್ಲೇ.

ಹಾರ್ಬರ್ ಜೊತೆ ಎಚ್‌ಬಿಜಿಡಿ ಅನ್ನುವ ಸೇರ್ಪಡೆ ಇದೆ. ಜಿಡಿ ಅನ್ನುವ ಹೆಸರಾಂತ ಚಿತ್ರ ಲೈಬ್ರರಿಯನ್ನು ನಮ್ಮ ಪ್ರೋಗ್ರಾಮಿನಿಂದ ಕರೆಯುವ ದಾರಿ ಅದು. ಗೆರೆ, ಚೌಕ, ಬಣ್ಣ, ಅಕ್ಷರ ಎಲ್ಲ ಬಿಡಿಸಿ ಪಿಎನ್‌ಜಿ ಚಿತ್ರ ಮಾಡಿ ಕೊಡುತ್ತದೆ. ಮೊದಲ ತಕರಾರು: ಜಿಡಿ ಲೈಬ್ರರಿಯನ್ನು ಬೇರೆ ಕಡೆಯಿಂದ ತರಬೇಕು. ವಿಂಡೋಸ್‌ನಲ್ಲಿ ಅದರ ಡಿಎಲ್‌ಎಲ್ ಫೈಲನ್ನು ಇಎಕ್ಸ್‌ಇ ಪಕ್ಕದಲ್ಲೇ ಇಡಬೇಕು. ಬುತ್ತಿ ಕಟ್ಟಿಕೊಂಡು ಹೊರಟವನು ನೀರಿನ ಚೊಂಬು ಬೇರೆಯವರ ಕೈಯಲ್ಲಿ ಕೊಟ್ಟ ಹಾಗಾಯಿತು. ಹುಡುಗ ಒಂದು ದಿನ ಇಎಕ್ಸ್‌ಇ ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಂಡು ಹೋದ, ಮನೆಯ ಲ್ಯಾಪ್‌ಟಾಪಿನಲ್ಲಿ ಏಳಲಿಲ್ಲ. ಮತ್ತೆ ನನಗೆ ಫೋನ್.

ಎರಡನೆಯದು ಇನ್ನೂ ದೊಡ್ಡದು. ಕಂಬಗಳ ಕೆಳಗೆ ಕನ್ನಡದಲ್ಲಿ ಅಡಿಕೆಯ ಜಾತಿಗಳ ಹೆಸರು ಬರಬೇಕು ಅಂತ ನನ್ನ ಹಟ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಕೋಕಾ. ರಾಶಿ ಬಂತು, ಚಾಲಿ ಬಂತು. ಬೆಟ್ಟೆ ಮಾತ್ರ ಒತ್ತಕ್ಷರ ಬಿಟ್ಟು "ಬೆಟ್‌ಟೆ" ಆಯಿತು. ನನ್ನಲ್ಲಿದ್ದ ಜಿಡಿ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತದೆ ಅಷ್ಟೇ, ಒತ್ತು ಕೆಳಗಿಳಿಸಿ ಕೂಡಿಸುವುದು ಅದಕ್ಕೆ ಗೊತ್ತಿಲ್ಲ. ಪಿಡಿಎಫ್ ಮಾಡುವ ಎಚ್‌ಬಿಎಚ್‌ಪಿಡಿಎಫ್ ಸೇರ್ಪಡೆಯಲ್ಲೂ ಇದೇ ರೋಗ. ಇಂಗ್ಲಿಷಿನವರಿಗೆ, ಸ್ಪ್ಯಾನಿಷಿನವರಿಗೆ ಈ ಕಷ್ಟ ಗೊತ್ತೇ ಆಗುವುದಿಲ್ಲ. ನಮಗೆ ಒತ್ತಿಲ್ಲದೆ ಬೆಟ್ಟೆ ಅಂತಲೂ ಬರೆಯಲಾಗುವುದಿಲ್ಲ.

ಮೂರು ದಿನ ಒದ್ದಾಡಿದೆ. ನಾಲ್ಕನೇ ದಿನ ಹೊಳೆಯಿತು. ಚಿತ್ರ ಬಿಡಿಸುವ ಕೆಲಸ ನಾನ್ಯಾಕೆ ಮಾಡಬೇಕು? ಎಸ್‌ವಿಜಿ ಅಂದರೆ ಬರೀ ಪಠ್ಯದ ಫೈಲ್. ಇಷ್ಟು ಅಗಲ, ಇಷ್ಟು ಎತ್ತರದ ಚೌಕ, ಈ ಬಣ್ಣ, ಇಲ್ಲಿ ಈ ಅಕ್ಷರ ಅಂತ ಬರೆದಿಟ್ಟರೆ ಬ್ರೌಸರ್ ಬಿಡಿಸಿ ತೋರಿಸುತ್ತದೆ. ಪಠ್ಯದ ಫೈಲ್ ಬರೆಯುವುದು ಕ್ಲಿಪ್ಪರ್ ಕಾಲದಿಂದ ಗೊತ್ತಿರುವ ಕೆಲಸ. ಫೈಲ್ ತೆರೆ, ಸಾಲು ಬರೆ, ಮುಚ್ಚು. ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಯುಐ ಫಾಂಟ್ ಹೆಸರು ಬರೆದೆ. ಬೆಟ್ಟೆಯ ಒತ್ತು ತನ್ನ ಜಾಗಕ್ಕೆ ಹೋಗಿ ಕೂತಿತು. ಡಿಎಲ್‌ಎಲ್ ಬೇಡ, ಲೈಬ್ರರಿ ಬೇಡ. ಮತ್ತೆ ಒಂದೇ ಇಎಕ್ಸ್‌ಇ. ನನ್ನದು ಎರಡು ಎಂಬಿ ದಾಟಲಿಲ್ಲ. ಪಟ್ಟಿಯನ್ನೂ ಹೀಗೇ ಎಚ್‌ಟಿಎಂಎಲ್ ಮಾಡಿ ಬ್ರೌಸರಿನಿಂದಲೇ ಪ್ರಿಂಟ್ ಕೊಡುತ್ತೇನೆ. ಪ್ರಿಂಟರಿನ ಜಗಳವೂ ಅಲ್ಲಿಗೆ ಮುಗಿಯಿತು.

ಮೊದಲ ಗ್ರಾಫ್ ಮಾತ್ರ ತಲೆಕೆಳಗಾಗಿ ಬಂತು. ಎಸ್‌ವಿಜಿಯಲ್ಲಿ ಸೊನ್ನೆ ಮೇಲಿರುತ್ತದೆ, ಕೆಳಗೆ ಹೋದ ಹಾಗೆ ಅಂಕಿ ಜಾಸ್ತಿ. ಕಂಬಗಳೆಲ್ಲ ಬಾವಲಿಗಳ ಹಾಗೆ ಮೇಲಿನಿಂದ ಜೋತಾಡುತ್ತಿದ್ದವು.

ಕನ್ನಡದ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು, ಯಾಕೆಂದರೆ ಬೇರೆ ಯಾರೂ ಹೇಳುವುದಿಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಅಂಕಿ ಕೊಡುವ ಯೂನಿಕೋಡನ್ನು ಯುಟಿಎಫ್-8 ಅನ್ನುವ ರೂಪದಲ್ಲಿ ಇಟ್ಟರೆ ನಮ್ಮ ಒಂದೊಂದು ಅಕ್ಷರ, ಒಂದೊಂದು ಗುಣಿತದ ಗುರುತು, ಮೂರು ಮೂರು ಬೈಟ್ ತಿನ್ನುತ್ತದೆ. ಹಳೇ ಫೈಲಿನಲ್ಲಿ ಅಡಿಕೆಯ ಜಾತಿಗೆ 20 ಬೈಟಿನ ಫೀಲ್ಡ್ ಇಟ್ಟಿದ್ದೆ. ಬೆಟ್ಟೆಗೆ 18 ಬೇಕು, ಹಿಡಿಯಿತು. ಕೆಂಪುಗೋಟಿಗೆ 27 ಬೇಕು. "ಕೆಂಪುಗ" ಅಂತ ಬಂದು ಮುಂದೆ ಒಂದು ಪ್ರಶ್ನೆ ಗುರುತಿನ ಚೌಕ. ಹಾಗಾಗಿ ಫೀಲ್ಡನ್ನು 60 ಮಾಡಿದೆ. ಆಗಿನ ಕಾಲದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ತರಿಸುವ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಹಾಕಿಸಿದ್ದರೆ ಒಂದು ಗುರುತಿಗೆ ಒಂದೇ ಬೈಟ್ ಸಾಕಾಗುತ್ತಿತ್ತು. ಮಂಡಿಯವರು ಅದಕ್ಕೆ ದುಡ್ಡು ಬಿಚ್ಚಲಿಲ್ಲ. ಹೆಸರೆಲ್ಲ ಇಂಗ್ಲಿಷಿನಲ್ಲೇ ಉಳಿಯಿತು.

ಇನ್ನೊಂದು, ಅಕಾರಾದಿ. ಊರಿನ ಹೆಸರುಗಳನ್ನು ಜೋಡಿಸಿದರೆ ಹುಳಗೋಳ ಮೊದಲು ಬರುತ್ತದೆ, ಹುಸರಿ ಆಮೇಲೆ. ಯೂನಿಕೋಡಿನಲ್ಲಿ ಳ ಇರುವುದು ಲ ಪಕ್ಕದಲ್ಲಿ, ವ, ಶ, ಸ, ಹ ಎಲ್ಲಕ್ಕಿಂತ ಮೊದಲು. ನಮ್ಮ ಅಕ್ಷರಮಾಲೆಯಲ್ಲಿ ಳ ಕೊನೆಗೆ ಅಲ್ವಾ? ಇದಕ್ಕೆ ನಾನೇ ಒಂದು ಪುಟ್ಟ ಫಂಕ್ಷನ್ ಬರೆದುಕೊಂಡೆ. ಳ ಕಂಡಲ್ಲಿ ಕೊನೆಯ ಒಂದು ಗುರುತು ಇಟ್ಟು ಅದರ ಮೇಲೆ ಇಂಡೆಕ್ಸ್ ಮಾಡುತ್ತೇನೆ. ಹತ್ತು ಸಾಲಿನ ಕೆಲಸ.

ಟೈಪ್ ಮಾಡುವ ಪರದೆಯಲ್ಲಿ ಕನ್ನಡ ತರುವ ಆಸೆ ಬಿಟ್ಟೆ. ಆ ಕಪ್ಪು ಕಿಟಕಿ ಒಂದೊಂದು ಅಕ್ಷರಕ್ಕೆ ಒಂದೊಂದು ಖಾನೆ ಅಂತ ಲೆಕ್ಕ ಹಾಕುತ್ತದೆ. ನಮ್ಮ ಅಕ್ಷರ ಆ ಖಾನೆಗೆ ಹೊಂದುವುದಿಲ್ಲ. ಜಾತಿಗೆ, ಊರಿಗೆ ಕೋಡ್ ಒತ್ತುವುದು, ಕಾಗದದ ಮೇಲೆ ಕನ್ನಡ ಬರುವುದು, ಹೀಗೆ ರಾಜಿ ಮಾಡಿಕೊಂಡಿದ್ದೇನೆ. ಮಿನಿಜಿಯುಐ, ಫೈವ್‌ವಿನ್ ತರದ ಕಿಟಕಿ ಲೈಬ್ರರಿಗಳಿವೆ. ಮಂಡಿಯ ಗುಮಾಸ್ತರು ಮೌಸ್ ಮುಟ್ಟುವುದಿಲ್ಲ ಅಂದರು, ನಾನೂ ಆ ಕಡೆ ಹೋಗಲಿಲ್ಲ.

ಸಣ್ಣಪುಟ್ಟ ಕಿರಿಕಿರಿಗಳು ಬೇರೆ. ಹೊಸದಾಗಿ ಕಂಪೈಲ್ ಮಾಡಿದ ಇಎಕ್ಸ್‌ಇಯನ್ನು ಮಂಡಿಯ ಆಂಟಿವೈರಸ್ ಎರಡು ಸಲ ನುಂಗಿಹಾಕಿತು. ಡಿಜಿಟಲ್ ಸಹಿ ಇಲ್ಲದ ಫೈಲ್ ಅಂದರೆ ಅದಕ್ಕೆ ಅನುಮಾನ. ಹಾರ್ಬರಿನ ಸ್ವಂತ ಕೈಪಿಡಿ ತೆಳ್ಳಗಿದೆ. ನಾನು ಈಗಲೂ ಕ್ಲಿಪ್ಪರಿನ ಹಳೇ ನಾರ್ಟನ್ ಗೈಡ್ ಅನ್ನುವ ಪರದೆಯ ಕೈಪಿಡಿ ನೋಡಿಯೇ ಬರೆಯುವುದು. ಎಚ್ಚರಿಕೆಗಳನ್ನು ಪೂರ್ತಿ ತೋರಿಸು ಅಂತ ಹೇಳಿ ಕಂಪೈಲ್ ಮಾಡಿದರೆ ಪರದೆ ತುಂಬ ಬೈಗುಳ ಬರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ನಿಜವೇ. 1991ರ ನಾನು ಒಂದು ವೇರಿಯಬಲ್ಲನ್ನೂ ಸರಿಯಾಗಿ ಘೋಷಿಸಿರಲಿಲ್ಲ.

ಯಾರು ತೆಗೆದುಕೊಳ್ಳಬೇಕು? ನಿಮ್ಮ ಹತ್ತಿರ ಹಳೇ ಡಿಬಿಎಫ್ ಫೈಲುಗಳಿದ್ದರೆ, ಪ್ರೋಗ್ರಾಂ ಪಠ್ಯ ಎಲ್ಲೋ ಉಳಿದಿದ್ದರೆ, ಎರಡನೇ ಯೋಚನೆ ಬೇಡ. ಹೊಸದಾಗಿ ಶುರು ಮಾಡುವ ಹುಡುಗ ಹುಡುಗಿಯರಿಗೆ ನಾನು ಇದನ್ನು ಹೇಳುವುದಿಲ್ಲ. ಪೈಥಾನ್ ಕಲಿಯಿರಿ, ಗ್ರಾಫೂ ಸುಲಭ, ಕೆಲಸವೂ ಸಿಗುತ್ತದೆ. ಅಂಕ ಕೊಡಿ ಅಂದರೆ ಕಂಪೈಲರಿಗೆ ಐದಕ್ಕೆ ಐದು. ಕನ್ನಡದ ಗ್ರಾಫಿಗೆ ಎರಡು, ಅದೂ ಎಸ್‌ವಿಜಿ ದಾರಿ ಗೊತ್ತಿದ್ದವರಿಗೆ.

ಕಳೆದ ತಿಂಗಳು ಎಲ್ಲ ವರ್ಷದ ಆವಕದ ಗ್ರಾಫ್ ಪ್ರಿಂಟ್ ಮಾಡಿಕೊಂಡು ಶಿರಸಿಗೆ ಹೋದೆ. ಯಜಮಾನರಿಗೆ ಈಗ ಎಂಬತ್ತು ದಾಟಿದೆ. ಕನ್ನಡಕ ಏರಿಸಿಕೊಂಡು ಒಂದೊಂದೇ ಹಾಳೆ ನೋಡಿದರು. 1994ರ ಹಾಳೆಯಲ್ಲಿ ಬೆರಳು ನಿಂತಿತು.

"ಇದು ತಪ್ಪು. ದೀಪಾವಳಿ ತಿಂಗಳಲ್ಲಿ ಇಷ್ಟು ಅಡಿಕೆ ಬಂದೇ ಇಲ್ಲ. ಕೊನೆಕೊಯ್ಲೇ ಸರಿಯಾಗಿ ಶುರುವಾಗಿರೋದಿಲ್ಲ."

ನೋಡಿದೆ. ನವೆಂಬರ್ ಕಂಬ ಡಿಸೆಂಬರನ್ನೂ ಮೀರಿಸಿ ನಿಂತಿತ್ತು. ಲ್ಯಾಪ್‌ಟಾಪ್ ತೆಗೆದು ಫೈಲ್ ತೆರೆದೆ. ಆ ತಿಂಗಳ ಪಟ್ಟಿಗಳು ಎರಡೆರಡು ಸಲ ಇದ್ದವು. ಆಗ ನೆನಪಾಯಿತು. ಕರೆಂಟ್ ಹೋಗಿ ಇಂಡೆಕ್ಸ್ ಕೆಟ್ಟು, ಪಟ್ಟಿ ಎಲ್ಲ ಹೋಯಿತು ಅಂದುಕೊಂಡು ಗುಮಾಸ್ತರು ಇಡೀ ತಿಂಗಳದ್ದನ್ನು ಮತ್ತೆ ಟೈಪ್ ಮಾಡಿದ್ದರು. ಒಂದು ಸೆಟ್ ನಾನು ಅಳಿಸಿದ್ದೆ. ಡಿಬಿಎಫ್‌ನಲ್ಲಿ ಅಳಿಸುವುದು ಅಂದರೆ ದಾಖಲೆಯ ಮುಂದೆ ಒಂದು ನಕ್ಷತ್ರ ಹಾಕುವುದು ಅಷ್ಟೇ, ಪ್ಯಾಕ್ ಮಾಡುವ ತನಕ ದಾಖಲೆ ಅಲ್ಲೇ ಇರುತ್ತದೆ. ನಾನು ಪ್ಯಾಕ್ ಮಾಡಿರಲಿಲ್ಲ. ಹಳೇ ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ಸೆಟ್ ಡಿಲೀಟೆಡ್ ಆನ್ ಅಂತ ಇತ್ತು, ಅಳಿಸಿದ್ದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಗ್ರಾಫಿಗೆ ಬೇರೆ ಪ್ರೋಗ್ರಾಂ ಬರೆದಾಗ ಆ ಸಾಲು ಮರೆತಿದ್ದೆ. ಉಳಿದ ತಿಂಗಳುಗಳಲ್ಲಿ ಅಳಿಸಿದ್ದು ಒಂದೆರಡು, ಅದಕ್ಕೇ ಕಣ್ಣಿಗೆ ಬೀಳಲಿಲ್ಲ.

ಅಲ್ಲೇ ಕೂತು ಸಾಲು ಸೇರಿಸಿ, ಕಂಪೈಲ್ ಮಾಡಿ, ಮತ್ತೆ ಪ್ರಿಂಟ್ ಕೊಟ್ಟೆ. ನವೆಂಬರ್ ಕಂಬ ಅರ್ಧಕ್ಕೆ ಇಳಿಯಿತು.

"ಹ್ಞಾಂ, ಈಗ ಸರಿ," ಅಂದರು. ಸ್ವಲ್ಪ ಹೊತ್ತು ನೋಡಿ, "ಅಲ್ಲ ತಂಗೀ, ಚಾಲಿಗೆ ಹಳದಿ ಬಣ್ಣ ಯಾಕೆ? ಅದು ಬಿಳಿ ಅಡಿಕೆ."

ಬಿಳಿ ಹಾಳೆಯ ಮೇಲೆ ಬಿಳಿ ಕಂಬ ಕಾಣುವುದಿಲ್ಲ ಅಂತ ಹೇಳಿದೆ. ಅವರು ಒಪ್ಪಲಿಲ್ಲ. ಈಗ ಚಾಲಿಯ ಕಂಬ ಬಿಳಿಯೇ, ಸುತ್ತ ಕಪ್ಪು ಗೆರೆ ಹಾಕಿದ್ದೇನೆ.